ಲೆಕ್ಕಕ್ಕಿಲ್ಲದ ರೊಟ್ಟಿ

ಇಜೇರಿಯ ಸುಮಿತ್ರಾಬಾಯಿಯ ಒಲೆಯ ಮೇಲೆ ಬೇಯುವ ಮೊದಲನೇ ರೊಟ್ಟಿ ಯಾವತ್ತೂ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅದನ್ನು ಬಾಗಿಲ ಪಕ್ಕದ ಗೂಡಿನಲ್ಲಿ ಇಡಬೇಕು. ಆಮೇಲೆ ಬಾಗಿಲಿಗೆ ಮೊದಲು ಯಾರು ಬರುತ್ತಾರೋ ಅದು ಅವರದು. ಭಿಕ್ಷೆಗೆ ಬಂದ ಜಂಗಮನಾಗಲಿ, ಗುಜರಿ ಆಯುವವನಾಗಲಿ, ಓಣಿಯವರೆಲ್ಲ ಕಲ್ಲು ಹೊಡೆದು ಓಡಿಸಿದ ಕುಂಟ ನಾಯಿಯಾಗಲಿ, ಮುಖ ನೋಡಿ ಕೊಡುವ ಹಾಗಿಲ್ಲ. ಎಣಿಕೆ ಶುರುವಾಗುವುದು ಎರಡನೇ ರೊಟ್ಟಿಯಿಂದ. ದಿನಕ್ಕೆ ಐದುನೂರು ರೊಟ್ಟಿ ಬಡಿಯುವ ಮನೆಯಲ್ಲಿ ಇದೇನು ದೊಡ್ಡ ದಾನವಲ್ಲ, ಮುದುಕಿಯೂ ಅದನ್ನು ದಾನ ಎಂದು ಕರೆದವಳಲ್ಲ. "ಹಂಚ ಕಾದದೋ ಇಲ್ಲೋ ನೋಡಾಕ ಹಾಕಿದ್ದು. ಅದನ್ನೇನ ಮಾರ್ತಿ?" ಎನ್ನುತ್ತಿದ್ದಳು.

ಹನ್ನೊಂದು ವರ್ಷದ ಹಿಂದೆ ಅಂಥದ್ದೊಂದು ರೊಟ್ಟಿ ಶಿವಕಾಂತಾಳ ಪಾಲಿಗೆ ಬಂದಿತ್ತು. ಗಂಡ ಸೊಲ್ಲಾಪುರದಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದ. ಅತ್ತೆ ಮನೆಯವರು ಆರು ತಿಂಗಳ ಕೂಸಿನ ಸಮೇತ ಇವಳನ್ನು ಹೊರಗೆ ಹಾಕಿದ್ದರು. ಯಾರದೋ ಮಾತು ಕೇಳಿ ಕೆಲಸ ಹುಡುಕಿಕೊಂಡು ಇಜೇರಿಗೆ ಬಂದವಳು ಓಣಿಯ ಹನ್ನೆರಡು ಬಾಗಿಲು ತಟ್ಟಿ, ಹದಿಮೂರನೆಯದರ ಮುಂದೆ ತಟ್ಟುವ ತ್ರಾಣವೂ ಇಲ್ಲದೆ ನಿಂತಿದ್ದಳು. ಸುಮಿತ್ರಾಬಾಯಿ ಗೂಡಿನ ರೊಟ್ಟಿ ತೆಗೆದು ಕೈಯಲ್ಲಿಟ್ಟು, ಕೂಸಿನ ಮುಖವನ್ನೊಮ್ಮೆ ನೋಡಿ, "ತಿಂದು ಹೋಗ್ತಿಯೋ, ಒಳಗ ಬಂದು ಬಡೀತಿಯೋ?" ಎಂದು ಕೇಳಿದ್ದಳು. ಶಿವಕಾಂತಾ ಒಳಗೆ ಬಂದಳು. ಅಲ್ಲಿಂದ ಹಿತ್ತಲ ಕೋಣೆ ಅವಳದಾಯಿತು. ಬಾಡಿಗೆಯ ಮಾತು ಆ ದಿನವೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಹಾಗಂತ ಸುಮಿತ್ರಾಬಾಯಿ ಬೆಣ್ಣೆಯಂಥ ಮುದುಕಿ ಎಂದು ಯಾರೂ ತಿಳಿಯಬೇಡಿ. ನಾಲಿಗೆ ಕುಡುಗೋಲಿನಷ್ಟು ಹರಿತ. ಕಲಿಯುವ ದಿನಗಳಲ್ಲಿ ಶಿವಕಾಂತಾಳ ಬೆರಳು ಸುಟ್ಟು ಬೊಬ್ಬೆ ಬಂದಾಗ, "ನಿನ್ನ ಗಂಡ ಸುಟ್ಟಷ್ಟೇನ ಸುಟ್ಟಿಲ್ಲ ಬಿಡು, ಬಡಿ" ಎಂದವಳು ಅವಳು. ಸೀದ ರೊಟ್ಟಿಯನ್ನು ಓಣಿಯ ಹೆಂಗಸರ ಮುಂದೆ ಎತ್ತಿ ಹಿಡಿದು, "ನೋಡ್ರವ್ವಾ, ನಮ್ಮ ಶಿವಿ ಹುಣ್ಣಿವಿ ಚಂದ್ರಗ ಗ್ರಹಣ ಹಿಡಿಸ್ಯಾಳ" ಎಂದು ನಗಿಸಿದವಳೂ ಅವಳೇ. ಶಿವಕಾಂತಾ ಅದನ್ನೆಲ್ಲ ನುಂಗಿಕೊಂಡಳು. ನುಂಗಿದ್ದು ಕರಗಿತೆಂದು ಮುದುಕಿ ತಿಳಿದಳು. ಅದು ಒಳಗೇ ಇತ್ತು.

ಮುದುಕಿಯ ನಿಜವಾದ ವಿದ್ಯೆ ಇದ್ದದ್ದು ಹಿಟ್ಟಿನಲ್ಲಿ. ಹೊಸ ಜೋಳದ ಹಿಟ್ಟಿಗೆ ಜಿಗಿ ಹೆಚ್ಚು, ಹಳೆಯದಕ್ಕೆ ಕಡಿಮೆ. ಜಿಗಿ ಕಡಿಮೆಯಾದರೆ ರೊಟ್ಟಿ ಅಂಚಿನಲ್ಲಿ ಹರಿಯುತ್ತದೆ. ಪ್ರತಿ ಚೀಲದ ಹಿಟ್ಟನ್ನೂ ಅವಳು ಬೆರಳ ತುದಿಯಲ್ಲಿ ತಿಕ್ಕಿ, ಚೂರು ನಾಲಿಗೆಗೆ ಹಚ್ಚಿ, ಇದಕ್ಕೆ ಎಸರು ಎಷ್ಟು ಕುದಿಯಬೇಕು, ಎಷ್ಟು ಸುರಿಯಬೇಕು ಎಂದು ಹೇಳುತ್ತಿದ್ದಳು. ತನ್ನ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದು, ಜೊತೆಗೆ ಬಡಿಯುವ ಗುಲಫಶಾಳ ಪರಾತಕ್ಕೆ ಕೈ ಹಾಕಿ ಹಿಟ್ಟು ನಾದಿ, ಅತ್ತ ಇನ್ನೊಬ್ಬಳ ಒಲೆಯಿಂದ ಒಂದು ಕಟ್ಟಿಗೆ ಹಿಂದಕ್ಕೆಳೆದು ಮತ್ತೆ ಬಂದು ಕೂಡುತ್ತಿದ್ದಳು. ಜೇವರ್ಗಿ ರಸ್ತೆಯ ಢಾಬಾಗಳಲ್ಲಿ, ಕಲಬುರಗಿಯ ಎರಡು ಮೆಸ್ಸುಗಳಲ್ಲಿ "ಸುಮಿತ್ರಾಬಾಯಿ ರೊಟ್ಟಿ" ಎಂದೇ ಹೆಸರು. ಐದು ಹೆಂಗಸರು ಬಡಿದರೂ ಹೆಸರು ಒಬ್ಬಳದೇ. ಶಿವಕಾಂತಾಳಿಗೆ ಅದೂ ಚುಚ್ಚುತ್ತಿತ್ತು.

ಜೇವರ್ಗಿಯಲ್ಲಿ ಸ್ವಂತ ಉದ್ಯೋಗ ಮಾಡುವವರಿಗೆ ಹತ್ತು ದಿನದ ತರಬೇತಿ ಇದೆ, ಕೊನೆಗೆ ಯೋಜನಾ ವರದಿ ಬರೆದು ಪಾಸಾದರೆ ರೊಟ್ಟಿ ಬಡಿಯುವ ಮಷಿನ್ನಿಗೂ ಸಾಲ, ಸಹಾಯಧನ ಎರಡೂ ಸಿಗುತ್ತವೆ ಎಂಬ ಸುದ್ದಿ ತಂದವಳು ಗುಲಫಶಾ. ಕಳಿಸಿದವಳು ಸುಮಿತ್ರಾಬಾಯಿ. "ನೀ ಹತ್ತನೇತ್ತಾ ಪಾಸಾದಾಕಿ, ನೀ ಹೋಗು. ಹತ್ತು ದಿನ ನಿನ್ನ ಪಾಲಿಂದು ನಾ ಬಡೀತೇನಿ" ಎಂದಳು. ಹೇಳಿದಂತೆ ಬಡಿದಳು ಕೂಡ. ಬೆಳಗಿನ ನಾಲ್ಕಕ್ಕೆ ಎದ್ದು, ನಡುಗುವ ಕೈಯಲ್ಲಿ, ಇಬ್ಬರ ಪಾಲಿನದು.

ತರಬೇತಿಯ ಮುಕ್ರಮ ಸರ್ ಒಳ್ಳೆಯ ಮಾತುಗಾರ. ಇಸ್ತ್ರಿಯ ಅಂಗಿ, ಕಿಸೆಯಲ್ಲಿ ಮೂರು ಬಣ್ಣದ ಪೆನ್ನು. ಬೋರ್ಡಿನ ಮೇಲೆ ಚೌಕಗಳನ್ನು ಗೀಚಿ ಗೀಚಿ ಯೋಜನೆ ಎಂದರೇನು ಎಂದು ಕಲಿಸಿದ. ಏನು ಮಾಡುತ್ತೀರಿ, ಯಾರು ಕೊಳ್ಳುತ್ತಾರೆ, ಜಾಗ ಎಲ್ಲಿದೆ, ಯಂತ್ರ ಯಾವುದು, ಕೈಗಳು ಎಷ್ಟು, ಯಾವ ತಿಂಗಳು ಯಾವ ಕೆಲಸ, ನಿಮ್ಮ ಬಲವೇನು, ದೌರ್ಬಲ್ಯವೇನು. "ಅಂದಾಜಲೇ ಬರೀಬ್ಯಾಡ್ರಿ" ಎನ್ನುತ್ತಿದ್ದ. "ಅಳದು ಬರೀರಿ. ಅಳಿಯಾಕ ಬರಲಾರದ್ದು ಪ್ಲ್ಯಾನಿನಾಗ ಇರಂಗಿಲ್ಲ. ಮತ್ತ ದೌರ್ಬಲ್ಯದಾಗ ನಾಚಿಕಿ ಬ್ಯಾಡ್ರಿ. ಮಂದಿ ಇದ್ರ ಮಂದಿ ಹೆಸರು ಬರೀರಿ."

ಹೇಳುವುದೇನೋ ಸರಿಯೇ. ಆದರೆ ಇಪ್ಪತ್ತೆಂಟು ಜನರಲ್ಲಿ ಅದನ್ನು ವೇದವಾಕ್ಯ ಎಂದು ತಿಳಿದು, ಸಂಜೆ ಮನೆಗೆ ಬಂದು ಮುದುಕಿಗೂ ಒಪ್ಪಿಸಿದವಳು ಶಿವಕಾಂತಾ ಒಬ್ಬಳೇ. ಉಳಿದವರು ಬುದ್ಧಿವಂತರು, ಝೆರಾಕ್ಸ್ ಅಂಗಡಿಯಲ್ಲಿ ರೆಡಿ ವರದಿ ಕೊಂಡು ಹೆಸರಷ್ಟೇ ತಿದ್ದಿದರು. ಹಿರೋಳ್ಳಿಯ ಧಮ್ಮಪಾಲ ಎಂಬವನು ಮೋಟಾರ್ ಸೈಕಲ್ ರಿಪೇರಿ ಅಂಗಡಿ ತೆರೆಯುವವನಿದ್ದ. ಅವನ ವರದಿಯ ಏಳನೇ ಪುಟದಲ್ಲಿ, "ಕೋಳಿ ಮರಿಗಳಿಗೆ ಮೊದಲ ವಾರ ಲಸಿಕೆ ಹಾಕಿಸತಕ್ಕದ್ದು" ಎಂದಿತ್ತು. ಇಡೀ ಕೋಣೆ ನಕ್ಕಿತು. ಧಮ್ಮಪಾಲನೂ ನಕ್ಕ. ಮುಕ್ರಮ ಸರ್ ಮಾತ್ರ ನಗದೆ ಶಿವಕಾಂತಾಳ ನೋಟುಬುಕ್ಕನ್ನು ಎತ್ತಿ ಹಿಡಿದು, "ಇವರನ್ನ ನೋಡಿ ಕಲೀರಿ" ಎಂದ. ಹನ್ನೊಂದು ವರ್ಷದಲ್ಲಿ ಯಾರೂ ಅವಳನ್ನು ನೋಡಿ ಕಲಿಯಿರಿ ಎಂದಿರಲಿಲ್ಲ. ಅವಳ ಎದೆ ಉಬ್ಬಿತು. ಉಬ್ಬಿದ ಎದೆ ಎಂಥ ಕೆಲಸ ಮಾಡಿಸುತ್ತದೆಂದು ಮುಂದೆ ನೋಡುವಿರಂತೆ.

ಆರನೇ ದಿನ ಹೋಂವರ್ಕ್ ಕೊಟ್ಟರು. ನಿಮ್ಮಲ್ಲಿ ಕೆಲಸ ಮಾಡುವ ಒಬ್ಬೊಬ್ಬರೂ ಒಂದು ವಸ್ತು ತಯಾರಿಸಲು ತೆಗೆದುಕೊಳ್ಳುವ ಸಮಯ ಅಳೆದು ತನ್ನಿ ಎಂದು. ಮರುದಿನ ಬೆಳಗಿನ ಜಾವ ಶಿವಕಾಂತಾ ಮೊಬೈಲನ್ನು ಹಿಟ್ಟಿನ ಡಬ್ಬಿಯ ಹಿಂದೆ ನಿಲ್ಲಿಸಿ, ಅದರ ಸ್ಟಾಪ್‌ವಾಚ್ ಓಡಿಸಿ, ಮುಖದಲ್ಲಿ ಏನೂ ತೋರದೆ, ಬಸ್ಸಿಗೆ ಹೊರಡುವ ಮುಂಚೆ ಒಂದಷ್ಟು ಬಡಿಯುತ್ತ ಕುಳಿತಳು. ಗುಲಫಶಾ, ಎರಡು ನಿಮಿಷ ಹತ್ತು ಸೆಕೆಂಡು. ತಾನು, ಎರಡು ನಿಮಿಷ. ಸುಮಿತ್ರಾಬಾಯಿ, ನಾಲ್ಕು ನಿಮಿಷ ನಲವತ್ತು ಸೆಕೆಂಡು. ಮೂರು ದಿನ ಅಳೆದಳು, ಮೂರು ದಿನವೂ ಅಷ್ಟೇ.

"ಯಾಕ ಬೇ, ಡಬ್ಬಿ ಕಡಿ ಅಷ್ಟ್ಯಾಕ ನೋಡ್ತಿ? ಡಬ್ಬಿನೇನ ಮದಿವಿ ಆಗ್ತಿಯೇನು?" ಎಂದಳು ಮುದುಕಿ.

"ಇಲ್ಲ ಆಯಿ, ಹಿಟ್ಟ ಎಷ್ಟ ಉಳದದ ನೋಡಾಕತ್ತೇನಿ."

ಆಯಿ ಎಂದೇ ಅವಳು ಕರೆಯುತ್ತಿದ್ದುದು. ಮಗಳು ಸೃಷ್ಟಿಯೂ ಆಯಿ ಎಂದೇ ಕರೆಯುತ್ತಿದ್ದಳು, ಮುದುಕಿಯ ಪಕ್ಕದಲ್ಲೇ ಮಲಗುತ್ತಿದ್ದಳು.

ನಾಲ್ಕು ನಿಮಿಷ ನಲವತ್ತು ಸೆಕೆಂಡು ಯಾಕೆ ಹಿಡಿಯುತ್ತದೆಂದು ಶಿವಕಾಂತಾಳಿಗೆ ಗೊತ್ತಿಲ್ಲದೆ ಇರಲಿಲ್ಲ. ಕೈ ನಡುಗುತ್ತಿದ್ದುದು ನಿಜ. ಆದರೆ ಆ ಹೊತ್ತಿನ ಅರ್ಧ ಉಳಿದ ನಾಲ್ವರ ಹಿಟ್ಟಿಗೆ ಹೋಗುತ್ತಿತ್ತು. ಮುಕ್ರಮ ಸರ್ ಕೊಟ್ಟ ಹಾಳೆಯಲ್ಲಿ ಅದಕ್ಕೆ ಚೌಕ ಇರಲಿಲ್ಲ. ಅವಳು ಕೇಳಿಯೇ ಕೇಳಿದಳು, ಅಷ್ಟು ಪುಣ್ಯ ಅವಳ ಪಾಲಿಗೆ ಬರೆದುಕೊಳ್ಳಿ.

"ಸರ್, ಒಬ್ಬರು ಬ್ಯಾರೇದವರ ಹಿಟ್ಟ ಹದಾ ಮಾಡ್ತಿದ್ರ ಅದನ್ನ ಎಲ್ಲಿ ಬರೀಬೇಕ್ರಿ?"

"ಆ ಹದಾ ಬ್ಯಾರೇದವರಿಗಿ ಕಲಿಸಿಬಿಟ್ರ ಮುಗೀತಲ್ಲಮ್ಮ? ಕಲಿಯಾಕ ಎಷ್ಟ ದಿನ ಬೇಕಾಗ್ತದ?"

"ಎರಡ ತಿಂಗಳ ಬೇಕ್ರಿ."

"ಬರಾಬರ್. ಒಂದನೇ ತಿಂಗಳು, ಎರಡನೇ ತಿಂಗಳು, ಕಲಿಯೂದು. ಮೂರನೇ ತಿಂಗಳು?"

ಅಷ್ಟು ಕೇಳಿ ಅವನು ಬೋರ್ಡಿನ ಮೇಲೆ ಮೂರನೇ ಚೌಕ ಬರೆದು, ಅದನ್ನು ಖಾಲಿ ಬಿಟ್ಟು ಮುಂದಿನವರ ಕಡೆ ಹೋದ. ಇಂಥ ಕೆಲಸವನ್ನು ಮಾಡು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಖಾಲಿ ಚೌಕವೊಂದನ್ನು ಮುಂದಿಟ್ಟು ಹೋಗುತ್ತಾರೆ.

ಶಿವಕಾಂತಾ ತುಂಬಿದಳು. ಮೂರನೇ ತಿಂಗಳ ಚೌಕದಲ್ಲಿ, ದುಂಡಗಿನ ಅಕ್ಷರದಲ್ಲಿ, "ಸುಮಿತ್ರಾಬಾಯಿ ಅವರನ್ನು ಕೈಬಿಡುವುದು" ಎಂದು ಬರೆದಳು. ಬರೆಯುವಾಗ ಅವಳಿಗೆ ಅಳು ಬಂತು ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ. ಬರಲಿಲ್ಲ. ಮಷಿನ್ ಬಂದರೆ ದಿನಕ್ಕೆ ಮೂರು ಸಾವಿರ ರೊಟ್ಟಿ, ಪ್ಲಾಸ್ಟಿಕ್ ಪಾಕೀಟು, ಪಾಕೀಟಿನ ಮೇಲೆ ಕೆಂಪು ಅಕ್ಷರದಲ್ಲಿ "ಶಿವಕಾಂತಾ ಖಡಕ್ ರೊಟ್ಟಿ". ಅವಳ ಕಣ್ಣಿಗೆ ಕಂಡದ್ದು ಅದು. ಗ್ರಹಣ ಹಿಡಿದ ಚಂದ್ರನ ಮಾತೂ ಒಂದು ಮೂಲೆಯಲ್ಲಿ ನೆನಪಿತ್ತು.

ಇನ್ನು ಜಾಗದ ಚೌಕ. ಅಲ್ಲಿ "ಸ್ವಂತ ಜಾಗ, ಬಾಡಿಗೆ ಇಲ್ಲ" ಎಂದು ಬರೆದು, ಒಂದು ಗಳಿಗೆಯೂ ನಿಲ್ಲದೆ ಮುಂದಿನ ಚೌಕಕ್ಕೆ ಹೋದಳು. ಮೋಸ ಮಾಡಬೇಕೆಂದು ಬರೆದದ್ದಲ್ಲ. ಹನ್ನೊಂದು ವರ್ಷ ಆ ಗೋಡೆಗೆ ಸುಣ್ಣ ಬಳಿದು, ಆ ನೆಲ ಸಾರಿಸಿ, ಆ ಪತ್ರಾಸಿನ ತಗಡಿನ ಮೇಲೆ ಬಿದ್ದ ಮಳೆಯ ಸಪ್ಪಳಕ್ಕೆ ಮಗಳನ್ನು ಮಲಗಿಸಿದವಳಿಗೆ ಅದು ಬೇರೆಯವರ ಮನೆ ಎಂಬುದು ಮರೆತೇ ಹೋಗಿತ್ತು. ಮಗಳಂತೆ ಇದ್ದದ್ದಕ್ಕೆ ಮರೆತಳು. ಮನೆಯನ್ನು ತನ್ನದೆಂದು ಎಣಿಸಿಕೊಂಡಳು, ಮನೆಯೊಡತಿಯನ್ನು ಮಾತ್ರ ದೌರ್ಬಲ್ಯದ ಪಟ್ಟಿಗೆ ಸೇರಿಸಿದಳು. ಇದಕ್ಕಿಂತ ದೊಡ್ಡ ತಪ್ಪು ಧಮ್ಮಪಾಲನ ಮರಿಗಳ ಲಸಿಕೆಯಲ್ಲೂ ಇರಲಿಲ್ಲ.

ಹತ್ತನೇ ದಿನ ಮೂವರು ಅಧಿಕಾರಿಗಳ ಮುಂದೆ ಅವಳು ವರದಿ ಓದಿದಳು. ಚಪ್ಪಾಳೆ ಬಿತ್ತು. ಜಾಗ ನೋಡಿ ಒಪ್ಪಿದರೆ ಸಾಲ ಮಂಜೂರು, ಮುಂದಿನ ಮಂಗಳವಾರ ಸಾಹೇಬರು ಊರಿಗೇ ಬರುತ್ತಾರೆ ಎಂದರು. ಶಿವಕಾಂತಾ ಜೇವರ್ಗಿಯ ಬಸ್‌ಸ್ಟ್ಯಾಂಡಿನಲ್ಲಿ ಕಾಲು ಕಿಲೋ ಪೇಡೆ ಕಟ್ಟಿಸಿಕೊಂಡು ಮನೆಗೆ ಬಂದಳು.

ಮುದುಕಿ ಪೇಡೆಯನ್ನು ಬಾಯಿಗೆ ಹಾಕಿಕೊಳ್ಳುವ ಮೊದಲು ಸೃಷ್ಟಿಯ ಬಾಯಿಗಿಟ್ಟಳು. ಆಮೇಲೆ ಕಡತವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಓದಲು ಬಾರದ ಕಣ್ಣಿನಿಂದ ಹಾಳೆ ಹಾಳೆ ತಿರುವಿದಳು.

"ಇದರಾಗ ನನ್ನ ಹೆಸರ ಬರ್ದಿಯೇನ ಬೇ?"

ಶಿವಕಾಂತಾ ಪೇಡೆಯ ಕಾಗದ ಮಡಚಿದಳು. ಸುಳ್ಳು ಹೇಳುವ ಅಗತ್ಯವೇ ಬೀಳಲಿಲ್ಲ.

"ಬರ್ದೇನಿ ಆಯಿ."

"ಖರೇ?"

"ನಿಮ್ಮಾಣಿ ಖರೇ. ಎರಡ ಕಡಿ ಬರ್ದೇನಿ."

ಆ ಮುಖ ನೋಡಬೇಕಿತ್ತು. ಅರವತ್ತೆರಡು ವರ್ಷದಲ್ಲಿ ಆಕೆಯ ಹೆಸರು ಕಾಗದದ ಮೇಲೆ ಬಂದದ್ದು ರೇಷನ್ ಕಾರ್ಡಿನಲ್ಲಿ, ಓಟಿನ ಪಟ್ಟಿಯಲ್ಲಿ, ಗಂಡ ಸತ್ತ ಮೇಲೆ ಈ ಮನೆಯ ಒಡೆತನದ ಉತಾರದಲ್ಲಿ, ಅಷ್ಟೇ. ಈಗ ರೊಟ್ಟಿಯ ಸಲುವಾಗಿ ಬಂದಿದೆ. ಅಂದು ಸಂಜೆಯೇ ಅವಳು ಓಣಿಯ ಈ ತುದಿಯಿಂದ ಆ ತುದಿಯವರೆಗೆ ಹೋಗಿ, "ಸರಕಾರಿ ಫೈಲಿನಾಗ ನನ್ನ ಹೆಸರ ಬಂದದ, ಎರಡ ಕಡಿ" ಎಂದು ಹೇಳಿ ಬಂದಳು. ಶಿವಕಾಂತಾ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು. ಓಡಿ ಹೋಗಿ ತಡೆಯಬಹುದಿತ್ತು. ಆ ರಾತ್ರಿಯೇ ಆ ಎರಡು ಹಾಳೆ ಹರಿದು ಬೇರೆ ಬರೆಯಬಹುದಿತ್ತು. ಇನ್ನೂ ಐದು ದಿನ ಕೈಯಲ್ಲಿದ್ದವು. ಹಾಳೆ ಹರಿದರೆ ಪಾಸಾದ ವರದಿ ಕೆಟ್ಟೀತು ಎಂದು ತನಗೆ ತಾನೇ ಹೇಳಿಕೊಂಡಳು. ಹೇಗೂ ಮುದುಕಿಗೆ ಓದಲು ಬರುವುದಿಲ್ಲ ಎಂದೂ ಹೇಳಿಕೊಂಡಳು.

ಮಂಗಳವಾರ ಬಂದ ದೌಲತರಾಯ ಸಾಹೇಬರು ಕೆಟ್ಟ ಮನುಷ್ಯರೇನಲ್ಲ. ದಿನಕ್ಕೆ ಏಳು ಊರು ತಿರುಗಿ ಏಳು ಕಡತ ಮುಗಿಸಬೇಕಾದ, ಮೊಣಕಾಲು ನೋವಿನ ಮನುಷ್ಯ. ಸುಮಿತ್ರಾಬಾಯಿ ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ ನಿಂತಿದ್ದಳು. ಸಾಹೇಬರ ಕಣ್ಣೆದುರಿಗೇ ಬಡಿದು ತೋರಿಸಬೇಕೆಂಬ ಹಟದಲ್ಲಿ ಅಂದು ಬೆಳಗಿನಿಂದ ಒಲೆ ಹೊತ್ತಿಸಲು ಬಿಟ್ಟಿರಲಿಲ್ಲ. ಹಿಂದಿನ ದಿನದ ಖಡಕ್ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಎದುರಿಗಿಟ್ಟಳು. ಅಂಗಳದಲ್ಲಿ ಓಣಿಯ ಹತ್ತು ಹನ್ನೆರಡು ಹೆಂಗಸರು ನೆರೆದಿದ್ದರು. ಅವರನ್ನು ಕರೆದವಳೂ ಅವಳೇ.

"ರೊಟ್ಟಿ ಭಾಳ ಪಸಂದ್ ಅದಾವ್ರಿ" ಎಂದರು ಸಾಹೇಬರು.

"ಪಸಂದ್ ಇರ್ಲಿ, ಸಾಹೇಬ್ರ. ಅದರಾಗ ನನ್ನ ಹೆಸರ ಅದಂತ. ಎಲ್ಲದ ಅಂತ ಒಂಚೂರ ಓದಿ ಹೇಳ್ರಿ, ಇವರೆಲ್ಲಾ ಕೇಳ್ಲಿ."

"ಆಯಿ, ಸಾಹೇಬ್ರಿಗಿ ತಡಾ ಆಗ್ತದ" ಎಂದಳು ಶಿವಕಾಂತಾ. "ಮೊದಲ ಜಾಗ ತೋರಸೂಣ, ಬರ್ರಿ ಸರ್."

"ಓದಾಕ ಎಷ್ಟೊತ್ತ ಬೇಕ ಬೇ? ಓದ್ರಿ ಸಾಹೇಬ್ರ."

ಸಾಹೇಬರು ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ಎಡಗೈಯಿಂದ ಹಾಳೆ ತಿರುವಿದರು. "ಸುಮಿತ್ರಾಬಾಯಿ ಅಲ್ಲೇನ್ರಿ? ಹೂಂ, ಇಲ್ಲದ ನೋಡ್ರಿ, ಐದನೇ ಪುಟದಾಗ." ಗಟ್ಟಿಯಾಗಿ ಓದುವುದು ಅವರಿಗೆ ಕಚೇರಿಯಲ್ಲಿ ಬಂದ ಅಭ್ಯಾಸ. "ದೌರ್ಬಲ್ಯಗಳು. ಒಂದು. ಸುಮಿತ್ರಾಬಾಯಿ, ವಯಸ್ಸು ಅರವತ್ತೆರಡು. ಕೈ ನಡುಗುತ್ತದೆ. ಉಳಿದವರು ಎರಡು ನಿಮಿಷದಲ್ಲಿ ಮಾಡುವ ರೊಟ್ಟಿಗೆ ಇವರಿಗೆ ನಾಲ್ಕು ನಿಮಿಷ ನಲವತ್ತು ಸೆಕೆಂಡು ಬೇಕಾಗುತ್ತದೆ. ಎರಡು. ಮೊದಲನೇ ರೊಟ್ಟಿಯನ್ನು ದಿನವೂ ಬಿಟ್ಟಿ ಕೊಡುವ ಇವರ ರೂಢಿಯಿಂದ ವರ್ಷಕ್ಕೆ ಮುನ್ನೂರ ಅರವತ್ತೈದು ರೊಟ್ಟಿ..."

ಅಲ್ಲಿಗೆ ಅವರಿಗೆ ಓದುತ್ತಿರುವುದೇನೆಂದು ತಿಳಿಯಿತು. ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ರೊಟ್ಟಿ?" ಎಂದಳು ಮುದುಕಿ.

"...ವ್ಯರ್ಥ. ಅಂತದ."

ಅಂಗಳದಲ್ಲಿ ಯಾರೋ ಒಬ್ಬಳು ನಕ್ಕಳು, ನಕ್ಕು ತಕ್ಷಣ ಸೆರಗು ಬಾಯಿಗಿಟ್ಟುಕೊಂಡಳು. ಶಿವಕಾಂತಾಳಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಅದು ಬಿಡಲಿಲ್ಲ.

"ಎರಡ ಕಡಿ ಅಂದಿದ್ಳು" ಎಂದಳು ಸುಮಿತ್ರಾಬಾಯಿ. "ಇನ್ನೊಂದ ಕಡಿ ಓದ್ರಿ."

"ಇರ್ಲಿ ಬಿಡ್ರಿ ಅಜ್ಜಿ."

"ಓದ್ರಿ."

ಓದದೆ ಕೂತು ಆ ಕಣ್ಣನ್ನು ಎದುರಿಸುವುದಕ್ಕಿಂತ ಓದಿಬಿಡುವುದೇ ಸುಲಭ ಎನ್ನಿಸಿತೇನೋ, ಅವರು ಓದಿದರು. "ಕಾರ್ಯಯೋಜನೆ. ಒಂದನೇ ಮತ್ತು ಎರಡನೇ ತಿಂಗಳು, ಹಿಟ್ಟು ಹದ ಮಾಡುವುದನ್ನು ಸುಮಿತ್ರಾಬಾಯಿ ಅವರಿಂದ ಉಳಿದವರು ಪೂರ್ತಿ ಕಲಿತುಕೊಳ್ಳುವುದು. ಮೂರನೇ ತಿಂಗಳು, ಸುಮಿತ್ರಾಬಾಯಿ ಅವರನ್ನು ಕೈಬಿಡುವುದು."

ಈ ಸಲ ಯಾರೂ ನಗಲಿಲ್ಲ. ಮುದುಕಿ ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ಅವು ಆಗಲೂ ನಡುಗುತ್ತಿದ್ದವು, ಎಲ್ಲರಿಗೂ ಕಾಣುವಂತೆ. ಅವನ್ನು ಸೆರಗಿನೊಳಗೆ ಸೇರಿಸಿಕೊಂಡಳು.

"ಆಯಿ" ಎಂದಳು ಶಿವಕಾಂತಾ, "ಅದು ಬರೇ ಕಾಗದ ಆಯಿ. ಅವರು ಹಂಗ ಬರೀರಿ ಅಂದ್ರು, ನಾ ಬರ್ದೆ."

ಮುದುಕಿ ಅವಳ ಕಡೆ ತಿರುಗಲೂ ಇಲ್ಲ. "ಸಾಹೇಬ್ರ, ಮಷಿನ್ ಎಲ್ಲಿ ಕುಂದ್ರಸ್ತಾಳಂತ? ಅದನ್ನೂ ಬರ್ದಿರಬೇಕಲ್ಲ?"

"ಜಾಗ... ಸ್ವಂತ ಜಾಗ, ಬಾಡಿಗೆ ಇಲ್ಲ, ಅಂತದ." ಸಾಹೇಬರು ಕಡತದಿಂದ ತಲೆ ಎತ್ತಿ ಶಿವಕಾಂತಾಳನ್ನು ನೋಡಿದರು. "ಉತಾರ ತೋರಸ್ತೀರೇನ್ರಿ?"

ಆಗ, ಆ ಗಳಿಗೆಗೆ, ಹನ್ನೊಂದು ವರ್ಷದಲ್ಲಿ ಮೊದಲ ಸಲ ಶಿವಕಾಂತಾಳಿಗೆ ಅದು ಯಾರ ಮನೆ ಎಂಬುದು ನೆನಪಾಯಿತು.

ಸುಮಿತ್ರಾಬಾಯಿ ಒಳಗೆ ಹೋಗಿ ಪೆಟ್ಟಿಗೆಯಿಂದ ಪ್ಲಾಸ್ಟಿಕ್ ಚೀಲ ತಂದಳು. ಅದರೊಳಗಿನ ಕಾಗದ ಬಿಚ್ಚಿ ಸಾಹೇಬರ ಮುಂದೆ ಹಿಡಿದಳು. ಅವರು ನೋಡಿದರು. ಅವಳು ಮಡಚಿ ಮತ್ತೆ ಚೀಲಕ್ಕೆ ಹಾಕಿದಳು.

"ನೀವು ಒಪ್ಪಿಗಿ ಪತ್ರಕ್ಕ ಸಹಿ ಮಾಡಿ ಕೊಟ್ರೂ ನಡೀತದ್ರಿ" ಎಂದರು ಸಾಹೇಬರು ಮೆಲ್ಲಗೆ.

"ನನ್ನ ಕೈ ನಡಗ್ತದಲ್ರಿ. ಸಹಿ ಮಾಡಾಕ ಭಾಳ ಹೊತ್ತ ಹಿಡೀತದ."

ಸಾಹೇಬರು ಕೈ ತೊಳೆದರು. ಕಡತದ ಮೊದಲ ಹಾಳೆಯ ಮೇಲೆ "ಜಾಗ ಇಲ್ಲ" ಎಂದು ಬರೆದು ದಿನಾಂಕ ಹಾಕಿದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಏನಾದರೂ ಸಮಾಧಾನ ಹೇಳಬೇಕೆನ್ನಿಸಿ, "ಪ್ಲ್ಯಾನ್ ಮಾತ್ರ ಭಾಳ ಛಲೋ ಬರ್ದೀರಮ್ಮ. ಬ್ಯಾರೆ ಜಾಗ ಸಿಕ್ಕರ ಹೇಳ್ರಿ" ಎಂದು ಹೋದರು. ನೆರೆದ ಹೆಂಗಸರೂ ಒಬ್ಬೊಬ್ಬರಾಗಿ ಜಾರಿದರು. ಜಾರಿದರು ಎಂದರೆ ತಮ್ಮ ತಮ್ಮ ಬಾಗಿಲಿಗೆ ಹೋಗಿ ನಿಂತರು, ಅಲ್ಲಿಂದಲೂ ಚೆನ್ನಾಗಿ ಕಾಣುತ್ತಿತ್ತು.

ಮುದುಕಿ ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಗುಲಫಶಾ, ಶಿವಕಾಂತಾ ಬಾಯಾರ ಮೊಬೈಲ್ ತಗೊ. ಹೊತ್ತ ಅಳಿಯೂದು ಇರ್ತದಂತಲ್ಲ, ಅದನ್ನ ಹಚ್ಚು."

ಶಿವಿ ಎನ್ನಲಿಲ್ಲ, ಬೇ ಎನ್ನಲಿಲ್ಲ. ಬಾಯಾರು ಎಂದಳು. ಬಯ್ದಿದ್ದರೆ, ಹೊಡೆದಿದ್ದರೆ ಶಿವಕಾಂತಾ ಕಾಲು ಹಿಡಿದು ಅತ್ತುಬಿಡುತ್ತಿದ್ದಳು. ಆ ಬಹುವಚನಕ್ಕೆ ಹಿಡಿಯಲು ಕಾಲೇ ಇರಲಿಲ್ಲ.

"ಯಾಕ್ರಿ ಆಯಿ?" ಎಂದಳು ಗುಲಫಶಾ ಹೆದರಿ.

"ಹಿತ್ತಲ ಕ್ವಾಣಿ ಖಾಲಿ ಮಾಡಾಕ ಅವರಿಗಿ ಎಷ್ಟ ನಿಮಿಷ ಬೇಕಾಗ್ತದ, ನೋಡೂಣು. ಅಂದಾಜಲೇ ಹೇಳಬಾರದಂತ. ಅಳೀಬೇಕಂತ."

"ಆಯಿ, ನನ್ನ ತಪ್ಪಾಗ್ಯದ. ನಾ ಆ ಹಾಳಿ ಹರದು ಒಗೀತೇನಿ" ಎಂದಳು ಶಿವಕಾಂತಾ. "ಎಲ್ಲಿಗಿ ಹೋಗ್ಲಿ ನಾ? ಸೃಷ್ಟಿ ಶಾಲಿಯಿಂದ ಬಂದ್ರ ಏನ ಹೇಳ್ಲಿ?"

ಮಗುವಿನ ಹೆಸರು ಕೇಳಿ ಮುದುಕಿಯ ಗದ್ದ ಒಮ್ಮೆ ಅದುರಿತು. ಶಿವಕಾಂತಾ ಅದನ್ನು ನೋಡಿದಳು, ಒಂದು ಕ್ಷಣ ಆಸೆ ಹುಟ್ಟಿತು.

"ಮೂರನೇ ತಿಂಗಳದಾಗ ನಾ ಎಲ್ಲಿಗಿ ಹೋಗ್ಲಿ ಅಂತ ಬರ್ದಿದ್ರಿ?" ಎಂದು ಕೇಳಿದಳು ಸುಮಿತ್ರಾಬಾಯಿ. "ಅದಕ್ಕ ಚೌಕ ಇತ್ತೇನು?"

ಇರಲಿಲ್ಲ.

"ಹಚ್ಚು" ಎಂದಳು ಗುಲಫಶಾಳಿಗೆ.

ಎರಡು ಚೀಲ ಬಟ್ಟೆ, ಒಂದು ಹಾಸಿಗೆ, ಸೃಷ್ಟಿಯ ಪುಸ್ತಕ, ಸ್ಟೀಲಿನ ನಾಲ್ಕು ಪಾತ್ರೆ, ಗೋಡೆಯ ಮೇಲಿನ ಬಸವಣ್ಣನ ಕ್ಯಾಲೆಂಡರು. ಶಿವಕಾಂತಾ ಹೊತ್ತು ತಂದು ಓಣಿಯಲ್ಲಿ ಇಟ್ಟಳು, ಮತ್ತೆ ಹೋದಳು, ಮತ್ತೆ ತಂದಳು. ಮುದುಕಿ ಅತ್ತ ನೋಡದೆ ಒಲೆ ಹೊತ್ತಿಸಿದಳು. ಢಾಬಾಗಳಿಗೆ ಸಂಜೆಯೊಳಗೆ ರೊಟ್ಟಿ ಹೋಗಲೇಬೇಕು. ಹೊಸ ಚೀಲದ ಹಿಟ್ಟು ಬೆರಳಲ್ಲಿ ತಿಕ್ಕಿ, ನಾಲಿಗೆಗೆ ಹಚ್ಚಿ, ಎಸರಿಟ್ಟಳು.

"ಹನ್ನೊಂದ ನಿಮಿಷ ಆತ್ರಿ" ಎಂದಳು ಗುಲಫಶಾ. ಅವಳು ಅಳುತ್ತಿದ್ದಳು.

"ವರ್ಷಕ್ಕೊಂದು" ಎಂದಳು ಸುಮಿತ್ರಾಬಾಯಿ. "ಕೊಡು ಅವರ ಮೊಬೈಲ ಅವರಿಗಿ."

ಗುಲಫಶಾ ಮೊಬೈಲನ್ನು ಕೊಟ್ಟು ಬಂದಳು. ಸಾಮಾನಿನ ಮಧ್ಯೆ ನಿಂತ ಶಿವಕಾಂತಾಳಿಗೆ ಯಾವ ಕಡೆ ನಡೆಯಬೇಕೆಂದು ತಿಳಿಯಲಿಲ್ಲ. ಎಲ್ಲ ಬಾಗಿಲಲ್ಲೂ ಮುಖಗಳಿದ್ದವು. ಹನ್ನೊಂದು ವರ್ಷದ ಹಿಂದೆ ತಟ್ಟಿದ ಅದೇ ಹನ್ನೆರಡು ಬಾಗಿಲು. ಒಳಗಿನಿಂದ ಹಿಟ್ಟು ಬಡಿಯುವ ಸಪ್ಪಳ ಬಂತು, ನಿಧಾನವಾಗಿ, ನಡುನಡುವೆ ನಿಂತು ನಿಂತು. ಆ ಸಪ್ಪಳ ಯಾರ ಕೈಯದೆಂದು ಕಣ್ಣು ಮುಚ್ಚಿಯೂ ಹೇಳಬಲ್ಲವಳು ಅವಳು. ಹಂಚಿನ ಮೇಲೆ ರೊಟ್ಟಿ ಬಿತ್ತು. ನೀರು ಸವರಿದಾಗಿನ ಚುಂಯ್ ಕೇಳಿಸಿತು, ಆಮೇಲೆ ಮಗುಚಿದ್ದು. ಆ ದಿನದ ಮೊದಲನೆಯದು.

ಗೂಡಿನಲ್ಲಿ ಇಡುವ ಹೊತ್ತಿಗೆ ಸುಮಿತ್ರಾಬಾಯಿಯ ದನಿ ಹೊರಗಿನವರೆಗೂ ಕೇಳಿಸಿತು.

"ಗುಲಫಶಾ, ಬಾಗಲಾಗ ಯಾರೋ ನಿಂತಾರ ನೋಡು. ಇದನ್ನ ಅವರಿಗಿ ಕೊಡು. ಲೆಕ್ಕಕ್ಕ ಹಿಡೀಬ್ಯಾಡ."

ಗುಲಫಶಾ ತಂದು ಕೊಟ್ಟಳು. ಶಿವಕಾಂತಾ ಎರಡೂ ಕೈ ಮುಂದೆ ಮಾಡಿ ತೆಗೆದುಕೊಂಡಳು. ರೊಟ್ಟಿ ಗುಂಡಗಿತ್ತು, ಅಂಚು ಎಲ್ಲೂ ಹರಿದಿರಲಿಲ್ಲ, ಕೈ ಸುಡುವಷ್ಟು ಬಿಸಿ ಇತ್ತು. ತಿಂದು ಹೋಗ್ತಿಯೋ, ಒಳಗ ಬಂದು ಬಡೀತಿಯೋ ಎಂದು ಕೇಳುವ ದನಿ ಬಂದೀತೆಂದು ಅವಳು ಅದನ್ನು ಹಿಡಿದುಕೊಂಡೇ ನಿಂತಳು. ಒಳಗೆ ಎರಡನೇ ರೊಟ್ಟಿ ಹಂಚಿಗೆ ಬಿತ್ತು. "ಒಂದು" ಎಂದು ಮುದುಕಿ ಎಣಿಸುವುದು ಕೇಳಿಸಿತು.